ಸೇವ್ ಆಗದ ಮಾವ

ಬಂಗುಡೆಯ ವಾಸನೆ, ಪ್ರೆಸ್ಸಿನ ಶಾಯಿಯನ್ನೂ ಮೀರಿ, ಮಾವ ಮೀನಿನ ಚೀಲ ಹಿಡಿದೇ ಬಂದು ಕೂತಿದ್ದಾರೆ, ಎಂಟು ವರ್ಷ ನಮ್ಮ ಹೊಸ್ತಿಲು ತುಳಿಯದ ಕರಿಯ ಮಾವ, ಅಜ್ಜನ ದೋಣಿ ಮಾರಿದ ಜಗಳದಲ್ಲಿ ಅಮ್ಮನ ಮೇಲೆ ಮುನಿದು ಹೋದವರು, ಇವತ್ತು ಬೆಳಿಗ್ಗೆ ಮನೆಗೆ ಬಂದು, ಉಮಾವತಿ ಮದಿಗೆ ನಾ ಇಲ್ದೆ ಹ್ಯಾಂಗ್ ಹೆಣೆ ಎಂದು ಅಮ್ಮನನ್ನು ಕೇಳಿದರು, ಅಮ್ಮ ಅಳುತ್ತಲೇ ನಕ್ಕಳು, ನಾನು ಮಾತ್ರ ಪ್ರೆಸ್ಸಿಗೆ ಓಡಿಬಂದೆ, ಮಾವ ಹಿಂದೆಯೇ — ತಂಗಿಯ ಮದುವೆ ಕಾಗದ ಟೈಪು ಮಾಡಿದವಳು ನಾನೇ, ಅದರಲ್ಲಿ ಸೋದರಮಾವನ ಹೆಸರೇ ಇಲ್ಲ. ಈಗ ಹಾಕಿದ್ದೇನೆ, ತೆರೆಯ ಮೇಲೆ ಎಷ್ಟು ಚೆಂದ, ಸೇವ್ ಒತ್ತಿದರೆ ಬರೆಯಲು ಅನುಮತಿಯಿಲ್ಲ, ಮತ್ತೆ ಒತ್ತಿದೆ, ಇಲ್ಲ, ಫೈಲು ಇರುವುದು ಒಳಕೋಣೆಯ ವಿಂಡೋಸ್ ಕಂಪ್ಯೂಟರಿನಲ್ಲಿ, ಅದರ ಫೋಲ್ಡರನ್ನು ನನ್ನ ಲಿನಕ್ಸ್ ಕಂಪ್ಯೂಟರಿಗೆ ಮೌಂಟ್ ಮಾಡಿ, ಅಂದರೆ ಇಲ್ಲಿಗೆ ಕಟ್ಟಿಕೊಂಡು, ತಿದ್ದುವುದು ನಮ್ಮ ಕ್ರಮ, ದಿನಾ ನಮ್ಮ ಪ್ರೆಸ್ಸಿನ ಹುಡುಗ ಯತೀಶ್ ಮಾಡಿಕೊಡುತ್ತಿದ್ದ, ಇವತ್ತು ಅವನು ಶಿರೂರಿಗೆ ಹೋದ, ನಾನೇ ದೊಡ್ಡ ಜಾಣೆಯ ಹಾಗೆ ಮಾಡಿದೆ. ವನಜಾ, ಹನ್ನೊಂದಕ್ಕೆ ಪ್ರಿಂಟ್ ಕೊಡ್ತೆ, ಕರೆಂಟ್ ಹೋಪುಕ್ ಮುಂಚೆ ಮುಗೀಕ್, ಅದು ಒಳಗಿನಿಂದ ಪ್ರೆಸ್ಸಿನ ಧಣಿ ರಾಜೀವಣ್ಣ, ಪೆನ್ ಡ್ರೈವ್ ತರುತ್ತೇನೆಂದರೆ ವೈರಸ್ ಎಂದು ಕೂಗಾಡುತ್ತಾರೆ, ಇತ್ತ ಮಾವ, ಆಯ್ತಾ ಹೆಣೆ, ಮೊದಲ್ನೇ ಕಾಗ್ದ ಹಟ್ಟಿಯಂಗಡಿ ಗಣಪತಿ ಮುಂದ್ ಇಟ್ಟೇ ಹಂಚೂದ್, ಮಧ್ಯಾಹ್ನದ ಪೂಜೆಗೆ ಮುಂಚೆ ಹೋಯ್ಕ್ — ಹ್ಞಾಂ ಮಾವ, ಈಗ ಕೊಡ್ತೆ.

ಹಳೆಯದೇ ಅಚ್ಚಾಗಿ ಬಂದರೆ ಈ ಮನುಷ್ಯ ಎದ್ದು ಹೋಗುತ್ತಾರೆ, ಇನ್ನು ಬರುವುದಿಲ್ಲ, ಎಲ್ಲರಿಗೂ ಬರೆಯುವ ಹಕ್ಕು ಕೊಡುವ ಆಜ್ಞೆ ಒತ್ತಿದೆ, ಅದರ ಅಂಕಿ ಏಳು ಏಳು ಏಳು, ಯಂತ್ರ ಬೇಡ ಅನ್ನಲಿಲ್ಲ, ಮಾಡಲೂ ಇಲ್ಲ, ತಲೆಯಾಡಿಸಿ ಸುಮ್ಮನಾಗುವ ನೆಂಟರ ಹಾಗೆ, ಒಳಗೆ ಓಡಿ ವಿಂಡೋಸಿನಲ್ಲಿ ಬರೆಯುವ ಹಕ್ಕಿನ ಟಿಕ್ ಗುರುತು ನೋಡಿದೆ, ಎಲ್ಲ ಸರಿಯಿದೆ, ಹಾಗಾದರೆ ತಪ್ಪು ನನ್ನ ಕಡೆಯೇ, ಪಟ್ಟಿ ತೆಗೆದರೆ ಪ್ರತಿ ಫೈಲಿನ ಒಡೆಯ ರೂಟ್, ರೂಟ್, ರೂಟ್ — ಅಯ್ಯೋ ಮಂಗ! ಮೌಂಟ್ ಮಾಡುವಾಗ ಯಾರ ಹೆಸರಿಗೆ ಎಂದು ನಾನು ಹೇಳಲೇ ಇಲ್ಲ, ಹೇಳದಿದ್ದರೆ ಎಲ್ಲ ಯಂತ್ರದ ಯಜಮಾನ ರೂಟಿನದೇ, ನನಗೆ ಬರೀ ನೋಡುವ ಭಾಗ್ಯ, ಹೆಸರು ಬಿಡುವುದೇ ನನ್ನ ರೋಗ, ಕಳಚು, ಮತ್ತೆ ಕಟ್ಟು, ಈ ಸಲ ವನಜಳ ಹೆಸರಿಗೆ, ಸೇವ್ — ಆಯಿತು, ಆಯಿತು ಮಾರಾಯ್ರೆ, ಹ್ವಾಯ್ ರಾಜೀವಣ್ಣ, ಈಗ ಕೊಡಿ ಪ್ರಿಂಟ್! ಕುಣಿಯಬೇಕು ಅನಿಸುತ್ತಿದೆ, ಬಂಗುಡೆಯ ವಾಸನೆಯೂ ಪರಿಮಳ, ಆಗಷ್ಟೇ ಅಚ್ಚಾದ ಕಾಗದ ಮಾವನ ಕೈಗೆ, ಅವರು ದೇವರ ಹೆಸರು ಓದುತ್ತಿಲ್ಲ, ಮದುಮಗನದೂ ಇಲ್ಲ, ಬೆರಳು ಕೆಳಗಿಳಿಯುತ್ತಿದೆ, ಒಂದೊಂದೇ ಸಾಲು, ನಿಂತಿತು. ನನ್ ಹೆಸ್ರ್ ಇರೂದಿಲ್ಲ ಅಂದ್ಕಂಡೇ ಬಂದಿದ್ದೆ ಹೆಣೆ. ಅಯ್ಯೋ ಮಾವ, ಶಾಯಿ ಹಸಿ ಇತ್ತ್, ಬೇರೆ ತೆಗೀತೆ — ಬ್ಯಾಡ, ಇದೇ ಇರ್ಲಿ. ಬೆರಳು ತೆಗೆಯುತ್ತಿಲ್ಲ, ತನ್ನ ಹೆಸರಿನ ಮೇಲೆ ಆ ದಪ್ಪ ಬೆರಳು, ತುದಿಯಲ್ಲಿ ಕಪ್ಪು, ಒರೆಸಿಕೊಳ್ಳುತ್ತಲೂ ಇಲ್ಲ, ಆ ಬೆರಳು —