ಧೋತರದ ಪಟ್ಟಿ

ನನ್ನ ಅರೆತಲೆನೋವು ಹೋಯಿತೆಂದು ಮನೆಯವರೆಲ್ಲ ಖುಷಿಪಟ್ಟರು. ಮಗ ವೈಭವ ಪೇಢೆ ತಂದ. ಸೊಸೆ ರಶ್ಮಿ ನನ್ನ ಕೋಣೆಯ ಕಪ್ಪು ಪರದೆ ತೆಗೆದು ಹೂವಿನ ತೆಳು ಪರದೆ ಹಾಕಿದಳು. ನಮ್ಮವರು ದೇವರ ಮುಂದೆ ಕಾಯಿ ಒಡೆಯಲು ವೈಭವನ ಕೈಗೆ ಕೊಟ್ಟು, ತಾವು ಪಕ್ಕದಲ್ಲಿ ಕಣ್ಣು ಮುಚ್ಚಿ ನಿಂತರು. ನಾನೂ ನಕ್ಕೆ. ಆದರೆ ಒಳಗೆ ನನಗೆ ಖುಷಿಯಾಗಿರಲಿಲ್ಲ. ಇದನ್ನು ಕೇಳಿದರೆ ಹುಚ್ಚು ಹಿಡಿದಿದೆ ಅಂದಾರು. ಅನ್ನಲಿ. ಮದುವೆಗೂ ಮುಂಚಿನಿಂದ ಆ ನೋವು ತಿಂದವಳು ನಾನು, ಅದರ ಬಗ್ಗೆ ನನಗೆ ತಿಳಿದದ್ದು ಬೇರೆಯವರಿಗೆ ತಿಳಿದಿರಲಿಕ್ಕಿಲ್ಲ.

ನೋವು ಬರುತ್ತಿದ್ದದ್ದು ಯಾವಾಗಲೂ ಎಡಗಡೆಗೇ. ಮೊದಲು ಕಣ್ಣಿನ ತುದಿಯಲ್ಲಿ ಬೆಳಕು ಮಿಣಮಿಣ ಎನ್ನುತ್ತಿತ್ತು. ಆಮೇಲೆ ಕಣ್ಣಿನ ಹಿಂದೆ ಯಾರೋ ಕೂತು ಒನಕೆಯಿಂದ ಕುಟ್ಟಲು ಶುರು ಮಾಡುತ್ತಿದ್ದರು. ಬೆಳಕು ಆಗುತ್ತಿರಲಿಲ್ಲ, ಸಪ್ಪಳ ಆಗುತ್ತಿರಲಿಲ್ಲ, ವಾಸನೆಯಂತೂ ಹತ್ತಿರ ಸುಳಿಯುವ ಹಾಗಿರಲಿಲ್ಲ. ಇಂಥವಳನ್ನು ಹುಮನಾಬಾದಿನಿಂದ ತಂದು ಬೇಗಂ ಬಜಾರಿನ ಮಸಾಲೆ ಅಂಗಡಿಯ ಮೇಲಿನ ಮನೆಗೆ ಕೊಟ್ಟರು. ಕೆಳಗೆ ಮೆಣಸಿನಕಾಯಿ ಚೀಲ ಬಿಚ್ಚಿದರೆ ಮೇಲೆ ನಾನು ಹಾಸಿಗೆ ಹಿಡಿಯುತ್ತಿದ್ದೆ. ನನ್ನ ಅಪ್ಪ ವರ ನೋಡಿದ, ಮನೆತನ ನೋಡಿದ, ಮೂಗನ್ನು ಯಾರು ನೋಡುತ್ತಾರೆ?

ಅತ್ತೆ ಸಾವಿತ್ರಿಬಾಯಿ ಈ ನೋವಿಗೆ ಅರ್ಧಶೀಶಿ ಅನ್ನುತ್ತಿದ್ದರು. ಅದನ್ನು ಓಡಿಸಿಯೇ ಬಿಡುತ್ತೇನೆಂದು ಹಟ ತೊಟ್ಟರು. ಸೂರ್ಯ ಹುಟ್ಟುವ ಮುಂಚೆ ನನ್ನನ್ನು ಎಬ್ಬಿಸಿ, ಪೂರ್ವಕ್ಕೆ ಮುಖ ಮಾಡಿ ಕೂಡಿಸಿ, ಬಿಸಿ ಹಾಲಿನಲ್ಲಿ ನೆನೆಸಿದ ಜಿಲೇಬಿ ತಿನ್ನಿಸುತ್ತಿದ್ದರು. ತಿಂದು ಮುಗಿಯುವವರೆಗೆ ಮಾತಾಡಕೂಡದು. ನೋವು ಹೋಗಲಿಲ್ಲ, ನನ್ನ ಸೊಂಟ ಮಾತ್ರ ದಪ್ಪವಾಯಿತು. ಒಣಶುಂಠಿ ತೇದು ಹಣೆಗೆ ಬಳಿದರು, ಮೂಗಿಗೆ ತುಪ್ಪದ ಹನಿ ಬಿಟ್ಟರು, ಒಬ್ಬ ಹಕೀಮನ ಪುಡಿ ತರಿಸಿದರು. ಆ ಪುಡಿ ತಿಂದು ನಾನು ವಾಂತಿ ಮಾಡಿಕೊಂಡಾಗ, ನೋಡು, ನೋವು ಹೊರಗೆ ಬರುತ್ತಿದೆ ಎಂದು ಸಮಾಧಾನಪಟ್ಟರು. ಕೆಟ್ಟ ಹೆಂಗಸಲ್ಲ. ಸೋಲು ಒಪ್ಪುವ ಹೆಂಗಸೂ ಅಲ್ಲ.

ಆ ಮನೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ಹಗಲಿನಲ್ಲಿ ಗಂಡ ಹೆಂಡತಿ ಹಿರಿಯರ ಕಣ್ಣೆದುರು ಕೂತು ಮಾತಾಡುವಂತಿರಲಿಲ್ಲ. ನಮ್ಮವರು ಮಧ್ಯಾಹ್ನ ಅಂಗಡಿಯಿಂದ ಮೇಲೆ ಬಂದು ಉಣ್ಣುವಾಗ ಅತ್ತೆ ಬಡಿಸುತ್ತಿದ್ದರು, ನಾನು ಬಾಗಿಲ ಹಿಂದೆ ನಿಂತು ರೊಟ್ಟಿ ಕೊಡುತ್ತಿದ್ದೆ. ರಾತ್ರಿಯೆಂದರೆ ಮೈದುನರು, ಅವರ ಮಕ್ಕಳು, ಊರಿಂದ ಬಂದ ನೆಂಟರು ಪಡಸಾಲೆಯ ತುಂಬ ಮಲಗಿರುತ್ತಿದ್ದರು. ನಮಗಿದ್ದದ್ದು ಒಂದು ಮೂಲೆ, ಅದಕ್ಕೊಂದು ಪರದೆ. ಅಲ್ಲಿ ಪಿಸುಮಾತಿಗೂ ನಾಲ್ಕು ಕಿವಿ.

ಒಂದು ದಿನ ನಮ್ಮವರು ಯಾವುದೋ ಚೀಲದ ಲೆಕ್ಕ ಕೇಳಲು ಮೇಲೆ ಬಂದಾಗ ನಾನು ನೋವು ತಾಳದೆ ಗೋಡೆಗೆ ತಲೆ ಒತ್ತಿಕೊಂಡು ಕೂತಿದ್ದೆ. ಅತ್ತೆ ಕಟ್ಟಿದ್ದ ಬಟ್ಟೆ ಸಡಿಲಾಗಿ ಕೊರಳಿಗೆ ಬಿದ್ದಿತ್ತು. ಅವರು ತಾಯಿಯ ಕಡೆ ನೋಡಲಿಲ್ಲ. ತಮ್ಮ ಹಳೆಯ ಧೋತರದ ಅಂಚು ಹರಿದು, ನೀರಿನಲ್ಲಿ ಅದ್ದಿ ಹಿಂಡಿ, ನನ್ನ ತಲೆಗೆ ಸುತ್ತಿ, ಎಡಗಣತಲೆಯ ಮೇಲೆ ಸರಿಯಾಗಿ ಗಂಟು ಬರುವಂತೆ ಬಿಗಿದರು. ಕುಟ್ಟುತ್ತಿದ್ದ ಒನಕೆ ಆ ಗಂಟಿನ ಕೆಳಗೆ ಸಿಕ್ಕಿಬಿದ್ದಂತಾಯಿತು. ಆಮೇಲೆ ಹೆಬ್ಬೆರಳಿನಿಂದ ಹುಬ್ಬನ್ನು ನೀವುತ್ತಾ, ನಾನು ನಿದ್ದೆ ಹೋಗುವವರೆಗೆ ಕೂತರು. ಮುಂದಿನ ಸಲ ನೋವು ಬಂದಾಗ ಅತ್ತೆಯೇ ಮಹಡಿಯಿಂದ ಕೆಳಗೆ ಬಗ್ಗಿ ಕೂಗಿದರು.

"ಸೂರ್ಯಕಾಂತನ್ನ ಕಳಸ್ರಿ ಮ್ಯಾಲ. ಅಕಿನ ತಲಿ ಕಟ್ಟಲಿ."

ಗಂಟು ಕಟ್ಟುವುದರಲ್ಲಿ ಅವರನ್ನು ಮೀರಿಸಿದವರು ಆ ಓಣಿಯಲ್ಲಿ ಇರಲಿಲ್ಲ. ಅಂಗಡಿಯ ಮೇಲ್ಛಾವಣಿಯಿಂದ ದಾರದ ಉಂಡೆ ಇಳಿಬಿದ್ದಿರುತ್ತಿತ್ತು. ಹಳೆಯ ಪೇಪರಿನಲ್ಲಿ ಏಲಕ್ಕಿಯೋ ಲವಂಗವೋ ಸುರಿದು, ಮಡಚಿ, ದಾರ ಸುತ್ತಿ, ಬೆರಳಿನಿಂದ ಒಂದು ಝಟಕಾ ಕೊಟ್ಟು ಹರಿಯುತ್ತಿದ್ದರು. ಅವರು ಕಟ್ಟಿದ ಪೊಟ್ಟಣವನ್ನು ಮಾಳಿಗೆಯಿಂದ ಎಸೆದರೂ ಒಂದು ಕಾಳು ಹೊರಗೆ ಬೀಳುವುದಿಲ್ಲ ಎಂದು ಗಿರಾಕಿಗಳು ಹೇಳುತ್ತಿದ್ದರಂತೆ. ನಾನು ಬಾಲ್ಕನಿಯಿಂದ ಆ ಕೈಗಳನ್ನಷ್ಟೇ ಕಾಣುತ್ತಿದ್ದೆ. ತಲೆ ಕಟ್ಟುವಾಗ ಹೇಗೆ ಕಾಣುತ್ತಾರೋ ಎಂದೂ ನೋಡಲಿಲ್ಲ. ನೋವಿನಲ್ಲಿ ಕಣ್ಣು ತೆರೆಯಲು ಆದೀತೇ? ನನ್ನ ಗಂಡನ ಅಷ್ಟೂ ಪ್ರೀತಿಯನ್ನು ನಾನು ಕಣ್ಣು ಮುಚ್ಚಿಯೇ ಉಂಡೆ.

ಅತ್ತೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಬೇರೆಯಾದರು. ಅಂಗಡಿ ನಮ್ಮವರ ಪಾಲಿಗೆ ಉಳಿಯಿತು, ನಾವು ಮಗನ ಜೊತೆ ಮಿಯಾಪುರದ ಅಪಾರ್ಟ್‌ಮೆಂಟಿಗೆ ಬಂದೆವು. ಇವರು ದಿನಾ ಮೆಟ್ರೋ ಹತ್ತಿ ಬೇಗಂ ಬಜಾರಿಗೆ ಹೋಗಿ ಬರುತ್ತಾರೆ. ಮಗ ಸೊಸೆ ಬೆಳಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆ. ರವಿವಾರ ಅವರು ಮಾಲಿಗೆ ಹೋದರೆ ಇಡೀ ಮನೆಯಲ್ಲಿ ನಾವಿಬ್ಬರೇ. ಈಗ ಯಾರ ಅಡ್ಡಿಯೂ ಇಲ್ಲ, ಯಾರ ಕಿವಿಯೂ ಇಲ್ಲ. ಆದರೆ ನಮಗೆ ರೂಢಿಯೇ ಇರಲಿಲ್ಲ. ಅವರು ಹಾಲ್‌ನಲ್ಲಿ ಪೇಪರ್ ಹಿಡಿದು ಕೂಡುತ್ತಿದ್ದರು, ನಾನು ಅಡಿಗೆಮನೆಯಲ್ಲಿ ಕೆಲಸವಿಲ್ಲದಿದ್ದರೂ ನಿಲ್ಲುತ್ತಿದ್ದೆ. ಹೋಗಿ ಪಕ್ಕದಲ್ಲಿ ಕೂಡಬೇಕೆಂದು ಜೀವ ಎಳೆಯುತ್ತಿತ್ತು, ಕಾಲು ಏಳುತ್ತಿರಲಿಲ್ಲ. ತಲೆನೋವು ಬಂದಾಗ ಮಾತ್ರ ಅವರು ಕೇಳದೆ ಬಂದು, ಪಟ್ಟಿ ಕಟ್ಟಿ, ಪಕ್ಕದಲ್ಲಿ ಕೂಡುತ್ತಿದ್ದರು.

ಹೀಗಿರುವಾಗ ಹೋದ ವರ್ಷ ಒಮ್ಮಿಂದೊಮ್ಮೆಲೇ, ಇನ್ನು ಸಾಕು, ದೊಡ್ಡ ಡಾಕ್ಟರಿಗೆ ತೋರಿಸೋಣ ಎಂದು ಹಟ ಹಿಡಿದರು. ನನಗೆ ಎದೆಯಲ್ಲಿ ಮುಳ್ಳು ಮುರಿದ ಹಾಗಾಯಿತು. ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ? ನನ್ನ ತಲೆ ಕಟ್ಟುವುದು ಇವರಿಗೆ ಬೇಸರವಾಗಿದೆ ಅಂದುಕೊಂಡೆ. ಆ ಸಿಟ್ಟಿನಲ್ಲೇ ಆಟೋ ಹತ್ತಿದೆ.

ಡಾಕ್ಟರಮ್ಮ ಸಣ್ಣ ವಯಸ್ಸಿನವಳು. ತೆಲುಗಿನಲ್ಲಿ ನಿಧಾನವಾಗಿ ಎಲ್ಲ ಕೇಳಿದಳು. ಉಪವಾಸ ಮಾಡಬೇಡಿ ಅಂದಳು, ಶ್ರಾವಣ ಸೋಮವಾರಗಳನ್ನೇ ಬಿಡಿಸಿದಳು. ದಿನಾ ಒಂದೇ ಹೊತ್ತಿಗೆ ಮಲಗಿ, ಒಂದೇ ಹೊತ್ತಿಗೆ ಏಳಿ, ನೀರು ಚೆನ್ನಾಗಿ ಕುಡಿಯಿರಿ, ಚಹಾ ಕಡಿಮೆ ಮಾಡಿ. ನೋವು ಬರದ ಹಾಗೆ ತಡೆಯಲು ದಿನಾ ಒಂದು ಮಾತ್ರೆ ಕೊಟ್ಟಳು. ಬಂದರೆ ತಾಳಿಕೊಂಡು ಕೂಡಬೇಡಿ, ಕಣ್ಣಲ್ಲಿ ಮಿಣಮಿಣ ಕಂಡು ತಲೆ ಹಿಡಿಯತೊಡಗಿದ ಕೂಡಲೇ ನುಂಗಿ ಎಂದು ಇನ್ನೊಂದು ಕೊಟ್ಟಳು. ಜಿಲೇಬಿಯ ಮಾತು ಎತ್ತಿದರೆ ನಕ್ಕಳು. ಕೆಲವು ತಿಂಗಳಲ್ಲಿ ನೋವು ಅಪರೂಪವಾಗಿ, ಆಮೇಲೆ ನಿಂತೇ ಹೋಯಿತು. ಆ ಹುಡುಗಿಗೆ ನೂರು ವರ್ಷ ಆಯುಷ್ಯ ಸಿಗಲಿ. ಅವಳು ತೆಗೆದದ್ದು ಬರೀ ನೋವಲ್ಲ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಇವರು ನನ್ನ ಕೋಣೆಗೆ ಹಗಲಿನಲ್ಲಿ ಬರುವುದು ನಿಂತಿತು. ಜೊತೆಗೆ ಇನ್ನಷ್ಟು ಬದಲಾದರು. ಜನ್ಮವೆಲ್ಲ ಧೋತರ ಅಂಗಿ ಹಾಕಿದವರು ವೈಭವನ ಹಾಗೆ ತಲೆಯಿಂದ ಎಳೆದುಕೊಳ್ಳುವ ಟೀಶರ್ಟು, ಲಾಡಿಯಿಲ್ಲದ ಪ್ಯಾಂಟು ಶುರು ಮಾಡಿದರು. ಗುಂಡಿ ಹಾಕಿಕೊಳ್ಳಲಿಕ್ಕೂ ಬೇಸರವೇ, ಮದುಮಗನಾಗುವ ಆಸೆಯೇ ಎಂದು ಕಾಡಿಸಿದೆ. ಸುಮ್ಮನೆ ನಕ್ಕರು. ಸುಲ್ತಾನ್ ಬಜಾರಿಗೆ ಸೀರೆ ತರಲು ಹೋದವಳು ಅಂಗಡಿಗೂ ಹೋದೆ. ದಾರದ ಉಂಡೆ ಇರಲಿಲ್ಲ. ಏಲಕ್ಕಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಸ್ಟೇಪ್ಲರ್ ಹೊಡೆದು ಕೊಡುತ್ತಿದ್ದರು. ಅದು ನೋಡಿ ನನಗೆ ಯಾಕೋ ಅಳು ಬಂತು. ಎಲ್ಲದರಲ್ಲೂ ಇವರಿಗೆ ಆಸಕ್ತಿ ಹೋಗಿದೆ, ನನ್ನಲ್ಲೂ ಹೋಗಿದೆ ಎಂದು ಮೆಟ್ರೋದಲ್ಲಿ ಕೂತು ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ.

ಆ ಕೈ ಒಮ್ಮೆ ಹಣೆಗೆ ಮುಟ್ಟಿದ್ದರೆ ಸಾಕಿತ್ತು. ಹಾಗೆಂದು ಕೇಳಬಹುದಿತ್ತು. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಗಂಡನ ಮುಂದೆ ನಿಂತು, ನನ್ನ ಹಣೆ ಮುಟ್ಟಿರಿ ಎಂದು ಯಾವ ಬಾಯಿಂದ ಕೇಳಲಿ? ಕಾದೆ, ಕಾದೆ, ಕೊನೆಗೆ ಒಂದು ಮಧ್ಯಾಹ್ನ ಫೋನ್ ಮಾಡಿ ತಲೆನೋವು ಮತ್ತೆ ಬಂದಿದೆ ಎಂದೆ. ಸುಳ್ಳು ಹೇಳುವಾಗ ದನಿಯೂ ನಡುಗಿತು, ಅದೂ ಒಳ್ಳೆಯದೇ ಆಯಿತು. ಕಪಾಟಿನ ತಳದಿಂದ ಧೋತರದ ಪಟ್ಟಿ ತೆಗೆದು, ನೀರಿನಲ್ಲಿ ಅದ್ದಿ ಹಿಂಡಿ, ದಿಂಬಿನ ಪಕ್ಕದಲ್ಲಿಟ್ಟು ಮಲಗಿದೆ.

ಗಾಂಧಿಭವನದಲ್ಲಿ ಮೆಟ್ರೋ ಹತ್ತಿ, ಇಲ್ಲಿ ಸ್ಟೇಷನ್ನಿಂದ ಬಿಸಿಲಿನಲ್ಲಿ ನಡೆದು ಬಂದಿದ್ದರು. ಏದುಸಿರು ಕೇಳಿಸಿತು. ಮಾತ್ರೆ ತೆಗೆದುಕೊಂಡೆಯಾ ಎಂದು ಕೇಳಿದರು. ತೆಗೆದುಕೊಂಡೆ, ಕಡಿಮೆಯಾಗಲಿಲ್ಲ ಎಂದೆ. ಕಿಟಕಿಯ ಕಡೆ ಹೋದರು, ತೆಳು ಪರದೆ ಎಳೆದರು, ಮತ್ತೆ ಬಂದು ನಿಂತರು. ಡಾಕ್ಟರಮ್ಮನಿಗೆ ಫೋನ್ ಹಚ್ಚಲೇ ಅಂದರು. ರಶ್ಮಿಯನ್ನು ಕರೆಸಲೇ, ಅವಳು ಬಂದು ಕಟ್ಟಲಿ ಅಂದರು. ಆಗ ನನಗೆ ಸಿಟ್ಟು ನೆತ್ತಿಗೇರಿತು.

"ಅಷ್ಟು ಬ್ಯಾಸರಾಗಿದ್ರ ಬ್ಯಾಡ ಬಿಡ್ರಿ. ಅಂಗಡಿಗಿ ಹೋಗ್ರಿ."

ಅವರು ಹೋಗಲಿಲ್ಲ. ಮಂಚದ ಅಂಚಿಗೆ ಕೂತು ಪಟ್ಟಿ ಎತ್ತಿಕೊಂಡರು. ತಣ್ಣಗಿನ ಬಟ್ಟೆ ಹಣೆಗೆ ತಗುಲಿದಾಗ ಎಷ್ಟೋ ದಿನದ ದಾಹ ತೀರಿದಂತಾಯಿತು. ಒಂದು ಸುತ್ತು, ಇನ್ನೊಂದು ಸುತ್ತು. ಎಡಗಣತಲೆಯ ಮೇಲೆ ಗಂಟು ಬೀಳುವುದನ್ನು ಕಾದೆ. ಬೀಳಲಿಲ್ಲ. ಬಟ್ಟೆ ಸಡಿಲಾಯಿತು. ಮತ್ತೆ ಸುತ್ತಿದರು, ಮತ್ತೆ ಜಾರಿತು. ಅವರ ಉಸಿರು ನನ್ನ ಮುಖದ ಮೇಲೆ ಜೋರಾಗಿ ಬೀಳುತ್ತಿತ್ತು. ನನಗೆ ನೋವಿರಲಿಲ್ಲವಲ್ಲ, ಕಣ್ಣು ತೆರೆದೆ.

ಅವರ ಕೈಗಳು ನಡುಗುತ್ತಿದ್ದವು. ಪಟ್ಟಿಯ ಎರಡು ತುದಿಗಳನ್ನು ಹಿಡಿದು ಒಂದರೊಳಗೊಂದು ತೂರಿಸಲು ನೋಡುತ್ತಿದ್ದರು, ಬೆರಳು ಮಾತು ಕೇಳುತ್ತಿರಲಿಲ್ಲ. ತುಟಿ ಕಚ್ಚಿಕೊಂಡಿದ್ದರು, ಹಣೆ ಬೆವೆತಿತ್ತು. ಟೀಶರ್ಟು, ಲಾಡಿಯಿಲ್ಲದ ಪ್ಯಾಂಟು, ಸ್ಟೇಪ್ಲರು, ಕಾಯಿ ಒಡೆಯಲು ವೈಭವನ ಕೈಗೆ ಕೊಟ್ಟದ್ದು, ಎಲ್ಲ ನನಗೆ ಒಟ್ಟಿಗೇ ತಿಳಿಯಿತು. ಅವರೂ ನನ್ನ ತೆರೆದ ಕಣ್ಣು ನೋಡಿದರು. ಅರೆತಲೆನೋವಿನವಳು ಬೆಳಕಿನಲ್ಲಿ ಹೀಗೆ ಕಣ್ಣು ತೆರೆದು ನೋಡುವುದಿಲ್ಲ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಬ್ಬರೂ ಸಿಕ್ಕಿಬಿದ್ದೆವು.

"ಎಂದಿನಿಂದ್ರಿ ಇದು?" ಎಂದು ಕೇಳಿದೆ.

"ನಿನ್ನ ದವಾಖಾನಿಗಿ ಕರಕೊಂಡ್ ಹೋಗೂಕಿಂತ ಮೊದಲ. ಒಂದಿನ ನೀ ಒದ್ದಾಡಾಕತ್ತಿದ್ದಿ, ನನಗ ಗಂಟು ಹಾಕಾಕ ಆಗಲಿಲ್ಲ. ನಿನಗ ಗೊತ್ತಾಗಲಿಲ್ಲ. ಇನ್ನ ನನ್ನ ಕೈ ನಂಬಿ ಕುಂತ್ರ ನಿನ್ನ ಗತಿ ಏನು ಅಂತ ಭಾಳ ಹೆದರಿಕಿ ಆತು."

ನಾನು ಬೇಸರ ಎಂದುಕೊಂಡದ್ದು ಇದನ್ನೇ. ನಾಳೆ ನಿಮ್ಮನ್ನೂ ಡಾಕ್ಟರಿಗೆ ತೋರಿಸುತ್ತೇನೆ, ಈ ಸಲ ಹಟ ನನ್ನದು ಎಂದೆ. ಆಗಲಿ ಎಂದು ತಲೆ ಆಡಿಸಿದರು. ಪಟ್ಟಿಯ ತುದಿಗಳು ಇನ್ನೂ ಅವರ ಕೈಯಲ್ಲೇ ಇದ್ದವು. ನನಗೆ ನೋವಿಲ್ಲ ಎಂದು ಅವರು ಹೇಳಲಿಲ್ಲ, ನಾನೂ ಹೇಳಲಿಲ್ಲ. ಗಂಟು ಹಾಕುವ ಆಸೆ ಬಿಟ್ಟು, ತುದಿಗಳನ್ನು ಎಡಗಣತಲೆಯ ಮೇಲೆ ಸೇರಿಸಿ ಅಂಗೈಯಿಂದ ಒತ್ತಿ ಹಿಡಿದುಕೊಂಡರು.

"ಬಿಗಿ ಆತೇನು?" ಎಂದು ಕೇಳಿದರು.

"ಆತ್ರಿ," ಎಂದೆ.

"ಹಂಗಾರ ಕಣ್ ಮುಚ್ಚು. ತಲಿನೋವು ಇದ್ದವರು ಕಣ್ ತೆಗೀಬಾರದು."

ಮುಚ್ಚಿದೆ. ಗಂಟು ಹಾಕಿದ್ದರೆ ಅವರು ಎದ್ದು ಹೋಗಬಹುದಿತ್ತು. ಈಗ ಕೈ ತೆಗೆದರೆ ಪಟ್ಟಿ ಬಿಚ್ಚಿ ಹೋಗುತ್ತದೆ ಎಂದು ಸಂಜೆ ಸೊಸೆ ಬಂದು ಬೆಲ್ ಒತ್ತುವವರೆಗೆ ಹಾಗೆಯೇ ಹಿಡಿದು ಕೂತಿದ್ದರು. ನನ್ನ ಕಣತಲೆಯ ಮೇಲೆ ಆ ಕೈ ನಡುಗುತ್ತಲೇ ಇತ್ತು.