ಹಂಜಿಯ ಮೈಗೆ ಮೂರು ಹೊಲಿಗೆ

ಮೂರು ಹೊಲಿಗೆಗೆ ಹನ್ನೊಂದು ತಲೆ, ಬಾಚಣಿಗೆಗೆ ಎರಡು ತಲೆ, ಒಣಹುಲ್ಲಿನ ಚೀಲಕ್ಕೆ ಒಂದು ತಲೆ ಒಂದು ಗಡ್ಡ — ನನಗೆ ಲೆಕ್ಕ ಬರುವುದೇ ಹಾಗೆ, ಕ್ಷೌರದ ಅಂಗಡಿ ಇಟ್ಟು ಇಪ್ಪತ್ತೆಂಟು ವರ್ಷವಾದ ಮೇಲೆ ದುಡ್ಡು ದುಡ್ಡಾಗಿ ಕಾಣುವುದಿಲ್ಲ — ಬಾಚಣಿಗೆಯ ಹಲ್ಲಿಗೆ ಸಿಕ್ಕ ಬಿಳಿ ಕೂದಲು ಫ್ಯಾನಿನ ಗಾಳಿಗೆ ಅಲ್ಲಾಡುತ್ತಿದೆ, ಎಷ್ಟು ತೆಳು, ಮೊದಲ ಸಲ ಅಂಗಡಿಗೆ ಬರುವ ಮಕ್ಕಳ ಕೂದಲೂ ಇಷ್ಟು ಮೆದುವಲ್ಲ. ಸುಮ್ಮನೆ ಕೂರು ಹಂಜಿ, ಹೊಲಿಗೆಯ ಹತ್ತಿರ ಬರುವುದಿಲ್ಲ, ಬೆನ್ನಷ್ಟೇ. ಹಂಜಿ ಎಂದು ಹೆಸರಿಟ್ಟವಳು ಅಕ್ಕ, ಅಂಗೈ ಮೇಲೆ ಇಟ್ಟುಕೊಂಡ ಮೊದಲ ದಿನ ನೂಲಲು ಸುರುಳಿ ಸುತ್ತಿದ ಹತ್ತಿಯ ಹಾಗೇ ಇತ್ತು ಈ ಮೊಲ, ಈಗ ಮೂರು ಕಿಲೋ, ನೋಡಿದರೆ ಅರ್ಧಕ್ಕರ್ಧ ಕೂದಲೇ. ಒಳಕೋಣೆಯಲ್ಲಿ ಅಕ್ಕನ ಮಂಚ ಕಿರ್ ಎಂದಿತು, ಮಗ್ಗುಲಾಗಲು ಹೋಗಿ ಆಗದೆ ಬಿಟ್ಟಿರಬೇಕು. ಆಸ್ಪತ್ರೆಯಿಂದ ಬಂದು ಎರಡು ಗಂಟೆಯಾಯಿತು, ಇನ್ನೂ ನನ್ನನ್ನು ಕರೆದಿಲ್ಲ. ಈ ಮನೆಯಲ್ಲಿ ಕರೆಯಲು ಬೇರೆ ಯಾರಿದ್ದಾರೆ, ಅವಳು, ನಾನು, ಈ ಮೊಲ. ಹದಿನಾಲ್ಕು ದಿನದ ಹಿಂದೆ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗ ಸ್ಟ್ರೆಚರಿನ ಮೇಲೂ ಅವಳದು ಒಂದೇ ಮಾತು, ಲೋ, ದಿನಾ ಬಾಚು, ಬಿಟ್ರೆ ಗಂಟಾಗುತ್ತೆ, ತನ್ನ ಮೈ ತಾನೇ ನೆಕ್ಕಿ ಕೂದಲು ನುಂಗುತ್ತೆ, ಬೆಕ್ಕಿನ ಹಾಗೆ ಕಕ್ಕೋಕೂ ಬರಲ್ಲ ಅದಕ್ಕೆ, ಹೊಟ್ಟೆ ಕಟ್ಟಿ ಸತ್ತೇ ಹೋಗುತ್ತೆ, ಗಂಟು ಸಿಕ್ರೆ ಬೆರಳಲ್ಲಿ ಬಿಡಿಸು, ಕತ್ತರಿ ಮಾತ್ರ ಮುಟ್ಟಬೇಡ. ಆಯ್ತಕ್ಕ, ನಾನೇನು ಕೂದಲು ಕಾಣದೋನಾ. ಆ ನೋವಿನಲ್ಲೂ ನಕ್ಕಳು, ನೀನು ಕಂಡಿರೋದು ತಲೆ ಕಣೋ.

ಮೊದಲ ಮೂರು ದಿನ ಬಾಚಿದೆ, ಸುಳ್ಳಲ್ಲ. ಟವೆಲು ಹಾಸಿ, ಮೊದಲು ಬೆನ್ನು, ಆಮೇಲೆ ಪಕ್ಕೆ, ಕೊನೆಗೆ ಗಲ್ಲದ ಕೆಳಗೆ, ಬಂದ ಕೂದಲನ್ನು ದಿಂಬಿನ ಚೀಲಕ್ಕೆ. ಆ ಚೀಲ ಅಕ್ಕ ಎರಡು ವರ್ಷದಿಂದ ತುಂಬಿಸುತ್ತಿರುವುದು, ಇಡೀ ದಿನ ತಲೆ ಬಗ್ಗಿಸಿ ನಿಲ್ಲೋನು ನೀನು, ನಿನ್ನ ಕತ್ತಿಗೆ ಇಂಥ ದಿಂಬೇ ಸರಿ, ಎಂದು. ನಾಲ್ಕನೆಯ ದಿನದಿಂದ ಅಂಗಡಿ, ಆಸ್ಪತ್ರೆ, ಗಂಜಿ, ಬಟ್ಟೆ, ಬಂದು ಬಿದ್ದರೆ ಕೈ ಏಳುತ್ತಿರಲಿಲ್ಲ. ದಿನಾ ಸಂಜೆ ಕೇಳುತ್ತಿದ್ದಳು, ಬಾಚಿದ್ಯಾ, ಬಾಚಿದೆ, ಚೀಲಕ್ಕೆ ಹಾಕಿದ್ಯಾ, ಹಾಕಿದೆ. ಎಷ್ಟು ಸಲೀಸಾಗಿ ಬರುತ್ತಿತ್ತು, ಗಿರಾಕಿಗೆ ಇನ್ನೈದೇ ನಿಮಿಷ ಎನ್ನುವ ಹಾಗೆ. ನಿನ್ನೆ ಡಾಕ್ಟರು ನಾಳೆ ಮನೆಗೆ ಕರಕೊಂಡು ಹೋಗಿ ಎಂದರು, ಅಂಗಡಿಯ ಬಾಗಿಲೆಳೆದು ಓಡಿ ಬಂದೆ, ಹಂಜಿಯನ್ನು ತೊಡೆಯ ಮೇಲೆ ಮಗುಚಿದರೆ ಪಕ್ಕೆಯ ಕೆಳಗೆ ನಿಂಬೆಹಣ್ಣಿನಷ್ಟು ಗಂಟು. ಬೆರಳಲ್ಲೇ ಬಿಡಿಸಿದೆ, ಹತ್ತು ನಿಮಿಷ, ಕಾಲು ಭಾಗವೂ ಬಿಡಲಿಲ್ಲ. ಆಮೇಲೆ ಕೈ ನನ್ನನ್ನು ಕೇಳಲಿಲ್ಲ. ಎಡಗೈಯ ಎರಡು ಬೆರಳ ನಡುವೆ ಕೂದಲು ಹಿಡಿದು ಮೇಲಕ್ಕೆತ್ತು, ಬೆರಳಿನ ಗುಂಟ ಕತ್ತರಿ ಓಡಿಸು — ಹದಿನಾಲ್ಕನೆಯ ವಯಸ್ಸಿನಿಂದ ಇದೊಂದೇ ಕೈಗೆ ಗೊತ್ತು. ಅದನ್ನೂ ಕಲಿತದ್ದು ಅಕ್ಕನ ತಲೆಯ ಮೇಲೆ, ಹೊಸಬನಿಗೆ ಯಾರೂ ತಲೆ ಕೊಡದಿದ್ದಾಗ ಅವಳೇ ಸ್ಟೂಲು ಎಳೆದು ಕೂತಳು, ಕತ್ತರಿಸೋ, ಕೆಟ್ರೆ ಬೆಳೆಯುತ್ತೆ ಬಿಡು, ಕೆಟ್ಟಿತು, ಬೆಳೆಯಿತು, ಅಲ್ಲಿಂದ ನಲವತ್ತು ವರ್ಷ ತಿಂಗಳಿಗೊಮ್ಮೆ ಅದೇ ಸ್ಟೂಲು. ಮನುಷ್ಯನ ತಲೆಯಲ್ಲಿ ಕೂದಲೆತ್ತಿದರೆ ಕೂದಲಷ್ಟೇ ಬರುತ್ತದೆ, ಚರ್ಮ ಬುರುಡೆ ಬಿಟ್ಟು ಏಳುವುದಿಲ್ಲ. ಇದರದ್ದು ಎದ್ದಿತ್ತು, ಕೂದಲ ಜೊತೆಗೇ, ಬಟ್ಟೆ ಚಿವುಟಿ ಎತ್ತಿದ ಹಾಗೆ, ಬೆರಳ ಸಂದಿಯೊಳಕ್ಕೆ. ಕಚಕ್. ಹಂಜಿ ಕೂಗಲಿಲ್ಲ. ಗಂಟು ನನ್ನ ಕೈಗೆ ಬಂತು, ಅದು ಇದ್ದಲ್ಲಿ ಎರಡು ಬೆರಳಗಲ ಸೀಳು, ರಕ್ತವಿಲ್ಲ, ಒಣಗಿದ ಗುಲಾಬಿ ಬಣ್ಣ, ಏನೋ ಹೇಳಲು ತೆರೆದು ಹೇಳದೇ ಬಿಟ್ಟ ಬಾಯಿ.

ಪ್ರಾಣಿಗಳ ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿದರು, ಮೊಲದ ಚರ್ಮ ಅಂದ್ರೆ ಕಾಗದ ಕಣ್ರೀ, ಏನು ಕೆಲಸ ನಿಮ್ಮದು. ಹೇಳಿದೆ. ಅದಕ್ಕೇ ಗೆರೆ ಇಷ್ಟು ನೇರ ಬಂದಿದೆ, ಎಂದರು, ಹೊಗಳಿಕೆಯಲ್ಲ. ಸುತ್ತಲ ಕೂದಲು ಬೋಳಿಸಿ ಮೂರು ಹೊಲಿಗೆ ಹಾಕಿದರು. ಹೆದರಿರುತ್ತೆ, ತಿನ್ನೋದು ಬಿಟ್ರೆ ಕಷ್ಟ, ಕೂದಲೂ ನುಂಗಿದೆ, ನಾಳೆ ಬೆಳಗ್ಗೆಯೊಳಗೆ ಹಿಕ್ಕೆ ಹಾಕಿದ್ರೆ ಉಳಿಯುತ್ತೆ. ಬೆಳಗ್ಗೆ ಆರಕ್ಕೆ ಹುಲ್ಲಿನ ಮೂಲೆಯಲ್ಲಿ ಐದು ಹಿಕ್ಕೆ, ನುಂಗಿದ ಕೂದಲಲ್ಲಿ ಪೋಣಿಸಿಕೊಂಡು ಸರದ ಹಾಗೆ, ಬರಿಗೈಯಲ್ಲೇ ಎತ್ತಿ ಬೆಳಕಿಗೆ ಹಿಡಿದೆ. ಅಂಗಡಿಯಲ್ಲಿ ಪೋಸ್ಟ್‌ಮ್ಯಾನು ಕೇಳಿದ, ಏನಪ್ಪಾ, ಇವತ್ತು ಮುಖ ಅರಳಿದೆ. ಮೊಲ ಹಿಕ್ಕೆ ಹಾಕ್ತು. ಗಡ್ಡದ ನೊರೆಯೊಳಗಿಂದಲೇ ಕಿಸಕ್ಕೆಂದ, ಅಯ್ಯೋ, ಹಾಗಾದ್ರೆ ಸಿಹಿ ಹಂಚು. ನಾನೂ ನಕ್ಕೆ. ಮೊಲ ಉಳಿದರೆ ಎಲ್ಲ ಉಳಿದಂತೆ ಎಂದುಕೊಂಡಿದ್ದೆ ಆಗ.

ನಾಲ್ಕು ಗಂಟೆಗೆ ಅಕ್ಕನನ್ನು ಮಂಚಕ್ಕೊರಗಿಸಿ ಮಡಿಲಲ್ಲಿ ಹಂಜಿಯನ್ನಿಟ್ಟೆ. ಅವಳ ಬೆರಳು ಬೆನ್ನಿನಿಂದ ಇಳಿದು ಪಕ್ಕೆಗೆ ಬಂದು, ಬೋಳಿಸಿದ ಜಾಗದಲ್ಲಿ ನಿಂತಿತು. ಗಂಟು ಬಿಡಿಸುವಾಗ ಅಕ್ಕ, ಕೈತಪ್ಪಿ — ಎಂದೆ. ದಿಂಬಿನ ಚೀಲ ಇತ್ತ ಕೊಡು, ಎಂದಳು. ಕೊಟ್ಟೆ. ಅಂಗೈಯಲ್ಲಿ ಒಮ್ಮೆ ತೂಗಿದಳು, ಅಷ್ಟೇ. ಹದಿನಾಲ್ಕು ದಿನದ ಕೂದಲಿಗೆ ಎಷ್ಟು ಉಬ್ಬಬೇಕು ಎಂದು ಅವಳಿಗಲ್ಲದೆ ಯಾರಿಗೆ ಗೊತ್ತು. ಬಾಚಿದ್ಯಾ, ಬಾಚಿದೆ. ಚೀಲವನ್ನು ಕಾಲ ಬುಡದಲ್ಲಿಟ್ಟು ಗೋಡೆ ಕಡೆ ಮುಖ ಮಾಡಿದಳು, ಆಸ್ಪತ್ರೆಯಲ್ಲಿ ಬೆಳೆದ ನರೆಗೂದಲು ಕಿವಿ ಮುಚ್ಚಿ ಕಾಲರಿಗೆ ಇಳಿದಿತ್ತು, ಸ್ಟೂಲಿಲ್ಲದಿದ್ರೂ ಆಗುತ್ತೆ ಅಕ್ಕ, ಕೂತಲ್ಲೇ ಸ್ವಲ್ಪ ಕತ್ತರಿಸಿಬಿಡ್ತೀನಿ. ಬೇಡ. ಕಿವಿ ಮೇಲೆ ಬಂದಿದೆಯಲ್ಲಕ್ಕ. ಬೆಳೀಲಿ ಬಿಡು. ಹಂಜಿಯನ್ನು ಎತ್ತಿಕೊಂಡು ಹೊರಗೆ ಬಂದೆ, ಬಾಚುತ್ತಿದ್ದೇನೆ, ಎಳೆ ಎಳೆಯಾಗಿ ಬರುತ್ತಿದೆ, ಚೀಲ ಒಳಗಿದೆ, ತರಲು ಕಾಲು ಬರುತ್ತಿಲ್ಲ, ಕೂದಲೆಲ್ಲ ಟವೆಲಿನ ಮೇಲೆ. ಮೊಲ ಉಳಿಯಿತು. ಒಂದು ತಲೆ ಹೋಯಿತು, ನಲವತ್ತು ವರ್ಷದ ತಲೆ. ಹೊಲಿಗೆ ಒಣಗುತ್ತಿದೆ, ಮೇಲೆ ಕೂದಲೂ ಬರುತ್ತದೆ, ಕಣ್ಣು ಮುಚ್ಚಿದರೆ ಮಾತ್ರ ಅದೇ — ಎರಡು ಬೆರಳಗಲ, ರಕ್ತವಿಲ್ಲ, ತೆರೆದ ಬಾಯಿ.