ಫವ್ವಾಜನ ದಾಳಿಂಬೆ ಗಿಡದ ಸೂರಕ್ಕಿ

ಅಮ್ಮಾನ್ ಪಟ್ಟಣದ ಹತ್ತಿರದ ನಮ್ಮ ಸಲ್ತ್ ಊರಿನಲ್ಲಿ ಮನೆಗಳು ಗುಡ್ಡದ ಮೈಗೆ ಒಂದರ ತಲೆಯ ಮೇಲೊಂದು ಕೂತಿವೆ. ಮೇಲಿನ ಮನೆಯ ಜಗಲಿಗೆ ಬಂದರೆ ಕೆಳಗಿನ ಮನೆಯ ಅಂಗಳ ತಾನಾಗಿಯೇ ಕಾಣುತ್ತದೆ. ಅದಕ್ಕೇ ಮೇಲಿನವರು ಕೆಳಗೆ ಕಣ್ಣು ಹಾಯಿಸಬಾರದೆಂಬುದು ನಮ್ಮ ಮಕ್ಕಳು ಕಲಿಯುವ ಮೊದಲ ಮರ್ಯಾದೆ. ಡಾಕ್ಟರ್ ರಜಾಯಿ ಅದನ್ನು ತಿಳಿಯದವರಲ್ಲ.

ಡಾಕ್ಟರ್ ಎಂದರೆ ಔಷಧದಂಗಡಿಯವರು. ಮಾತ್ರೆ ಕೊಡುವವರನ್ನೂ ನಾವು ಹಾಗೆಯೇ ಕರೆಯುವುದು. ಅಂಗಡಿಯನ್ನು ಮಗ ಲಬೀಬನಿಗೆ ಒಪ್ಪಿಸಿದ ಮೇಲೆ ಹೊತ್ತು ಹೋಗದೆ ಅವರಿಗೆ ಹಕ್ಕಿ ನೋಡುವ ಚಟ ಹತ್ತಿತು. ಹದ್ದು, ಕೊಕ್ಕರೆ ಅವರಿಗೆ ಬೇಡ. ಹೆಬ್ಬೆರಳಿನಷ್ಟಿದ್ದು, ಎಲೆ ಅಲುಗಿತೋ ಹಕ್ಕಿ ಅಲುಗಿತೋ ತಿಳಿಯದಂಥವೇ ಬೇಕು. ಮಗಳು ಕಳಿಸಿದ ದುರ್ಬೀನು ಕೊರಳಲ್ಲಿ, ಕಾಫಿ ಲೋಟ ಕೈಯಲ್ಲಿ, ಬೆಳಗಾದರೆ ಜಗಲಿಯಲ್ಲಿ ಕೂತಿರುತ್ತಿದ್ದರು.

ಆ ವಸಂತದಲ್ಲಿ ಕೆಳಮನೆಯ ಮಾಂಸದಂಗಡಿ ಫವ್ವಾಜನ ತೋಟದ ದಾಳಿಂಬೆಗೆ, ಹೂವಿನ ಜೇನು ಹೀರುವ ಸೂರಕ್ಕಿ ಬಂತು. ನೆರಳಲ್ಲಿ ಕಪ್ಪು, ಬಿಸಿಲಿಗೆ ತಿರುಗಿದರೆ ನೀಲಿ ಹಸಿರು. ರೆಕ್ಕೆ ಎತ್ತಿದಾಗ ಕಂಕುಳಲ್ಲಿ ಒಂದು ಚೂರು ಕಿತ್ತಳೆ ಬಣ್ಣ. ಅದನ್ನು ಕಂಡ ದಿನ ರಜಾಯಿ ಅಡುಗೆಮನೆಗೆ ಓಡಿಹೋಗಿ ಹೆಂಡತಿ ಸಮೀಹಾಗೆ ಹೇಳಿದರು.

"ಈ ಜನ್ಮದಲ್ಲಿ ನಾನು ಯಾವ ಬಣ್ಣದ ಬಟ್ಟೆ ಉಟ್ಟಿದ್ದೀನಿ ಅಂತ ನೋಡಿದೋರಲ್ಲ, ಹಕ್ಕಿ ಕಂಕುಳು ಮಾತ್ರ ಚೆನ್ನಾಗಿ ಕಾಣ್ಸುತ್ತೆ," ಎಂದಳು ಆಕೆ, ಹಿಟ್ಟು ನಾದುತ್ತಲೇ.

ಒಂದು ಬೆಳಗ್ಗೆ ಹಕ್ಕಿ ಹೂವಿನಿಂದ ಹೂವಿಗೆ ಹಾರುತ್ತ ನೀರಿನ ತೊಟ್ಟಿಯ ಹಿಂದಕ್ಕೆ ಹೋಯಿತು. ದುರ್ಬೀನೂ ಅದರ ಬೆನ್ನು ಹತ್ತಿತು. ಅಲ್ಲಿ, ಮನೆಯವರ ಕಣ್ಣಿಗೆ ಬೀಳದ ಮೂಲೆಯಲ್ಲಿ, ಫವ್ವಾಜ ಕುಕ್ಕರುಗಾಲಲ್ಲಿ ಕೂತಿದ್ದ. ಕೂಗಿದರೆ ಸಂತೆಬೀದಿಯೆಲ್ಲ ತಿರುಗಿ ನೋಡುವ ಆಳು. ರುಮಾಲಿನ ಅಂಚನ್ನು ಬಾಯಿಗೆ ತುರುಕಿಕೊಂಡು, ಸದ್ದು ಬಾರದ ಹಾಗೆ ಅಳುತ್ತಿದ್ದ.

ಹಕ್ಕಿ ಹಾರಿಹೋಯಿತು. ರಜಾಯಿ ದುರ್ಬೀನು ಇಳಿಸಲಿಲ್ಲ. ಇನ್ನೂ ಸ್ಪಷ್ಟವಾಗಿ ಕಾಣಲೆಂದು ಬೆರಳಿನಿಂದ ತಿರುಪು ತಿರುಗಿಸಿದರು.

ಮರುದಿನವೂ ಅದೇ ಹೊತ್ತಿಗೆ ಜಗಲಿಗೆ ಬಂದರು. ಅದರ ಮರುದಿನವೂ. ಹಕ್ಕಿಗೆಂದೇ ಬಂದೆ ಎಂದು ತಮಗೆ ತಾವೇ ಹೇಳಿಕೊಂಡರು. ಆದರೆ ಕಣ್ಣು ಮೊದಲು ಹೋಗುತ್ತಿದ್ದುದು ತೊಟ್ಟಿಯ ಹಿಂದಕ್ಕೆ. ಅಲ್ಲಿ ಫವ್ವಾಜ ಇಲ್ಲದ ದಿನ ಏನೋ ಕಳೆದುಕೊಂಡ ಹಾಗಾಗುತ್ತಿತ್ತು.

ಗಾಜಿನ ಹೊಳಪು ಒಂದು ದಿನ ಫವ್ವಾಜನ ದೊಡ್ಡ ಮಗಳ ಕಣ್ಣಿಗೆ ಬಿತ್ತು. ಬಟ್ಟೆ ಒಣಗಿಸುತ್ತಿದ್ದ ಹುಡುಗಿ ಕಿರುಚಿಕೊಂಡು ಒಳಗೆ ಓಡಿದಳು. ಸಂಜೆಯ ಹೊತ್ತಿಗೆ ಬೀದಿಗೆಲ್ಲ ಸುದ್ದಿ: ಔಷಧದ ಡಾಕ್ಟರು ನೆರೆಮನೆಯ ಹೆಣ್ಣುಮಕ್ಕಳನ್ನು ದುರ್ಬೀನು ಹಿಡಿದು ನೋಡುತ್ತಾರಂತೆ.

ಬೀದಿಯ ಹಿರಿಯ ಹಾಜಿ ಮಿಸ್ಬಾಹ್, ಫವ್ವಾಜ ಮತ್ತು ಅವನ ಇಬ್ಬರು ದಾಯಾದಿಗಳು ರಜಾಯಿಯವರ ನಡುಮನೆಗೆ ಬಂದು ಕೂತರು. ಲಬೀಬ ಕಾಫಿ ಸುರಿದ. ಬಂದವರು ಲೋಟವನ್ನು ಮುಂದಿಟ್ಟುಕೊಂಡರೇ ಹೊರತು ಮುಟ್ಟಲಿಲ್ಲ. ಮಾತು ತೀರುವವರೆಗೆ ಮುಟ್ಟುವ ಹಾಗೂ ಇಲ್ಲ.

"ಅಬು ಲಬೀಬ್," ಎಂದರು ಹಾಜಿ, ಲಬೀಬನ ತಂದೆಯೆಂದು ಮರ್ಯಾದೆಯಿಂದ ಕರೆದು, "ನಿಮ್ಮ ತಲೆ ಬೆಳ್ಳಗಾಗಿದೆ. ನಿಮ್ಮ ಮಾತೇ ನಮಗೆ ಸಾಕು. ಹೆಣ್ಣುಮಕ್ಕಳ ಕಡೆ ನೋಡಿದ್ರಾ?"

"ಇಲ್ಲ. ದೇವರಾಣೆ ಇಲ್ಲ."

"ಹಕ್ಕಿ ನೋಡ್ತಿದ್ರಿ."

"ಹೌದು."

"ಹಾಗಾದ್ರೆ ಕುರಾನ್ ಮುಟ್ಟಿ ಹೇಳ್ಬಿಡ್ಲಿ," ಎಂದ ಫವ್ವಾಜ, ಗೋಡೆ ನಡುಗುವ ದನಿಯಲ್ಲಿ. "ನನ್ನ ತೋಟದಲ್ಲಿ ಹಕ್ಕಿ ಬಿಟ್ಟು ಇನ್ನೇನೂ ನೋಡ್ಲಿಲ್ಲ ಅಂತ. ಅಷ್ಟೇ ಸಾಕು."

ರಜಾಯಿ ಬಾಯಿ ತೆರೆದರು. ಮಾತು ಹೊರಡಲಿಲ್ಲ. ಒಮ್ಮೆ ಫವ್ವಾಜನ ಮುಖ ನೋಡಿ, ತಟ್ಟನೆ ನೆಲ ನೋಡಿದರು.

ಆ ಒಂದು ನೋಟದಲ್ಲಿ ಫವ್ವಾಜನಿಗೆ ಎಲ್ಲ ತಿಳಿದುಹೋಯಿತು. ದಾಯಾದಿಯೊಬ್ಬ "ನೋಡಿ, ಬಾಯಿ ಕಟ್ಟಿತು," ಎನ್ನುವಷ್ಟರಲ್ಲಿ ಫವ್ವಾಜ ಎಡಗೈಯಿಂದ ಲೋಟ ಎತ್ತಿ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದುಬಿಟ್ಟ.

"ಮುಗೀತು. ದೊಡ್ಡೋರು. ಬಿಟ್ಟುಬಿಡೋಣ," ಎಂದು ಎದ್ದು ನಿಂತ.

ಫವ್ವಾಜನದು ದೊಡ್ಡ ಮನಸ್ಸು ಎಂದು ಬೀದಿ ಕೊಂಡಾಡಿತು. ರಜಾಯಿ ತಪ್ಪು ಮಾಡಿ ಕ್ಷಮೆ ಪಡೆದ ಮುದುಕರಾದರು. ಸಮೀಹಾ ಆ ರಾತ್ರಿಯೇ ಹಾಸಿಗೆಯನ್ನು ಬೇರೆ ಕೋಣೆಗೆ ಎಳೆದುಕೊಂಡಳು.

"ಹೆಂಗಸರನ್ನ ನೋಡಿಲ್ಲ ಕಣೇ," ಎಂದರು.

"ಮತ್ತೆ ಹಾಜಿ ಮುಂದೆ ಯಾಕೆ ಬಾಯಿ ಕಟ್ತು? ಏನ್ ನೋಡಿದ್ರಿ ಹೇಳಿ."

ಅವರು ಹೇಳಲಿಲ್ಲ. ಹೇಳಿದ್ದರೆ ಮಾನ ಉಳಿಯುತ್ತಿತ್ತು, ಫವ್ವಾಜನದು ಹೋಗುತ್ತಿತ್ತು. ಸಮೀಹಾ ನೆಂಟರ ಮದುವೆಗೂ ಹೋಗದೆ ಮನೆಯಲ್ಲೇ ಉಳಿದಳು. ತಾನು ಮಾಡಿದ್ದಕ್ಕೆ ಇವಳು ತಲೆ ತಗ್ಗಿಸುತ್ತಿದ್ದಾಳಲ್ಲ ಎಂಬುದು ರಜಾಯಿಯವರಿಗೆ ಬೀದಿಯ ಮಾತಿಗಿಂತ ಹೆಚ್ಚು ಚುಚ್ಚಿತು.

ಮಾಂಸ ತರಲು ಆಕೆ ಒಪ್ಪದಿದ್ದಾಗ ಅವರೇ ಹೋದರು. ಮಧ್ಯಾಹ್ನ, ಅಂಗಡಿಯಲ್ಲಿ ಬೇರೆ ಗಿರಾಕಿ ಇರಲಿಲ್ಲ. ಫವ್ವಾಜ ಎಡಗೈಯಲ್ಲಿ ಕತ್ತಿ ಹಿಡಿದು ಕೊಯ್ಯುತ್ತಿದ್ದ. ಬಲಗೈ ಹಲಗೆಯ ಮೇಲಿತ್ತು. ಹೆಬ್ಬೆರಳು ತೋರುಬೆರಳಿಗೆ ಉಜ್ಜುತ್ತ, ಮಾತ್ರೆ ಉರುಳಿಸುವ ಹಾಗೆ, ತಾನಾಗಿಯೇ ನಡುಗುತ್ತಿತ್ತು. ಒಂದು ಆಯುಷ್ಯ ಔಷಧ ಕೊಟ್ಟವರಿಗೆ ಅದು ನರಗಳ ಯಾವ ಕಾಯಿಲೆಯೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಒಂದೇ ದಿನ ನೋಡಿದ್ರಾ?" ಎಂದು ಕೇಳಿದ ಫವ್ವಾಜ, ತಲೆ ಎತ್ತದೆ.

"ಇಲ್ಲ."

"ಹಕ್ಕಿ ಅಡ್ಡ ಬಂದಿದ್ದಕ್ಕೆ ಕಣ್ಣಿಗೆ ಬಿತ್ತು ಅಂತೀರೇನೋ ಅಂದ್ಕೊಂಡಿದ್ದೆ."

"ಮೊದಲ ದಿನ ಹಾಗೇ ಆಯ್ತು. ಆಮೇಲೆ... ಆಮೇಲೆ ನಿನ್ನನ್ನೇ ನೋಡೋಕೆ ಬಂದೆ."

ಫವ್ವಾಜ ಕತ್ತಿ ಕೆಳಗಿಟ್ಟ. ಅವನ ದನಿ ಎಂದಿನ ಹಾಗೆ ದೊಡ್ಡದಾಗಿರಲಿಲ್ಲ. "ಡಾಕ್ಟ್ರೇ, ಅಮ್ಮಂಗೆ ಗೊತ್ತಿಲ್ಲ, ಹೆಂಡ್ತಿಗೂ ಗೊತ್ತಿಲ್ಲ. ನೋಡಿದ್ದಕ್ಕೆ ನಂಗೆ ಸಿಟ್ಟಿಲ್ಲ. ಕಷ್ಟದಲ್ಲಿರೋನು ಕಣ್ಣಿಗೆ ಬಿದ್ರೆ ನೆರೆಯೋನು ಮೆಟ್ಟಿಲಿಳಿದು ಬರ್ತಾನೆ. ನೀವು ಅಲ್ಲೇ ಕೂತು ಕಾಫಿ ಕುಡೀತಿದ್ರಿ."

ರಜಾಯಿ ಮಾಂಸದ ಪೊಟ್ಟಣ ತೆಗೆದುಕೊಂಡು ಹೊರಬಂದರು. ಮನೆವರೆಗಿನ ಮೆಟ್ಟಿಲುಗಳನ್ನು ಹತ್ತುವಾಗ ಎದುರಾದವರು ಸಲಾಂ ಹೇಳಿದ್ದೂ ಕಿವಿಗೆ ಬೀಳಲಿಲ್ಲ. ಬೀದಿಯವರು ಹೊರಿಸಿದ ತಪ್ಪು ಸುಳ್ಳು. ತಾನು ಮಾಡಿದ್ದು ಅದಕ್ಕಿಂತ ಸಣ್ಣದೇನಲ್ಲ.

ಮೂರನೆಯ ದಿನ ಅವರು ಲಬೀಬನ ಅಂಗಡಿಗೆ ಹೋಗಿ ಹಳೆಯ ಪುಸ್ತಕಗಳನ್ನು ತಿರುವಿದರು. ಅಮ್ಮಾನಿನಲ್ಲಿದ್ದ ನರರೋಗದ ವೈದ್ಯ ಮಿತ್ರನಿಗೆ ಫೋನು ಮಾಡಿದರು. ಸಂಜೆ ಕೆಳಮನೆಯ ಬಾಗಿಲು ತಟ್ಟಿದರು. ಫವ್ವಾಜ ಬಾಗಿಲು ತೆರೆದ.

"ಇದಕ್ಕೆ ಔಷಧ ಇದೆ," ಎಂದರು ರಜಾಯಿ ಮೆಲ್ಲಗೆ. "ಪೂರ್ತಿ ಹೋಗಲ್ಲ. ನಡುಕ ಹಿಡಿತಕ್ಕೆ ಬರುತ್ತೆ. ಭಾನುವಾರ ನಾನೇ ಕರ್ಕೊಂಡು ಹೋಗ್ತೀನಿ."

ಒಳಗಿನಿಂದ ಫವ್ವಾಜನ ಮುದಿ ತಾಯಿ ಕೂಗಿದಳು: "ಯಾರೋ ಅದು? ಆ ದುರ್ಬೀನು ಮುದುಕನಾ?"

ಫವ್ವಾಜ ರಜಾಯಿಯವರ ಮುಖ ನೋಡಿದ. ಅಲ್ಲ ಎನ್ನಲು ಅವನಿಗೆ ಮನಸ್ಸಿತ್ತು. ರಜಾಯಿ ಬೇಡವೆಂದು ತಲೆಯಾಡಿಸಿದರು.

"ಹೌದು ತಾಯಿ, ನಾನೇ," ಎಂದರು ಅವರೇ. "ತಪ್ಪಾಯ್ತು ಅಂತ ಹೇಳೋಕೆ ಬಂದೆ."

"ಈಗ ಬುದ್ಧಿ ಬಂತಾ? ಕೂರಿಸೋ, ಚಾ ಕೊಡು. ಹುಡುಗೀರಿಗೆ ಒಳಗೇ ಇರೋಕೆ ಹೇಳು."

ರಜಾಯಿ ಚಪ್ಪಲಿ ಬಿಟ್ಟು, ಬಾಗಿಲ ಬಳಿ, ಹಿರಿಯರು ಕೂರದ ಕಡೆಯ ಜಾಗದಲ್ಲೇ ಕೂತರು. ಅಂದಿನಿಂದ ತಿಂಗಳಿಗೊಮ್ಮೆ ಇಬ್ಬರೂ ಅಮ್ಮಾನಿಗೆ ಹೋಗಿಬರುತ್ತಾರೆ. ಕುರಿ ವ್ಯಾಪಾರಕ್ಕೆ ಎಂದು ಫವ್ವಾಜ ಮನೆಯಲ್ಲಿ ಹೇಳುತ್ತಾನೆ. ಸಮೀಹಾ ವರ್ಷ ತುಂಬುವ ಮೊದಲು ಹಾಸಿಗೆಯನ್ನು ಹಳೆಯ ಕೋಣೆಗೆ ತಂದಳು, ಆದರೆ ಏನು ನೋಡಿದಿರಿ ಎಂದು ಮತ್ತೆ ಕೇಳಲಿಲ್ಲ. ಬೀದಿಯವರು ಅವರನ್ನು ಈಗಲೂ ದುರ್ಬೀನು ಮುದುಕ ಎಂದೇ ಕರೆಯುತ್ತಾರೆ. ಅವರು ಓಗೊಡುತ್ತಾರೆ.